ಈಗ ನೀನು ಎಷ್ಟು ಜನರನ್ನು ಹೊಡೀತೀ?

ಪ್ರಶ್ನೆ ಇದೇ. ಕುಂಬಳೆ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಕೇಳುತ್ತಾರೆ. ಬ್ಯಾಂಕಿನ ಕೌಂಟರಿನ ಆಚೆ ನಿಂತು, ಪಾಸ್‌ಬುಕ್ ಕೊಡುತ್ತಾ ಕೇಳುತ್ತಾರೆ. ಮದುವೆ ಊಟದಲ್ಲಿ ಸಾರು ಬಡಿಸುವವರು ಎಲೆಯ ಮುಂದೆ ಒಂದು ಕ್ಷಣ ನಿಂತು ಕೇಳಿ ಮುಂದೆ ಹೋಗುತ್ತಾರೆ. ನಾನು ವಾರಕ್ಕೆ ಮೂರು ಸಂಜೆ ಮಂಗಳೂರಿಗೆ ಹೋಗಿ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಯುತ್ತೇನೆ. ಶುರು ಮಾಡಿ ಎರಡು ವರ್ಷ ಆಗುತ್ತಾ ಬಂತು. ನನಗೆ ವಯಸ್ಸು 38. ಇಷ್ಟು ಗೊತ್ತಾದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಾಗಾದ್ರೆ ಈಗ ನೀನು ಎಷ್ಟು ಜನರನ್ನು ಹೊಡೀತೀ?"

ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಯಾರನ್ನೂ ಹೊಡೆಯುವುದಿಲ್ಲ. ಈ ಆಟದಲ್ಲಿ ಹೊಡೆತ ಇಲ್ಲ. ಗುದ್ದುವಂತಿಲ್ಲ, ಒದೆಯುವಂತಿಲ್ಲ. ಹಿಡಿಯುವುದು, ಬೀಳಿಸುವುದು, ನೆಲದ ಮೇಲೆ ಅಲುಗಾಡದಂತೆ ಒತ್ತಿ ಇಡುವುದು. ಕೊನೆಗೆ ಕೈ ಕಾಲಿನ ಕೀಲನ್ನೋ ಕುತ್ತಿಗೆಯನ್ನೋ ಸಿಕ್ಕಿಸುವುದು. ಸಿಕ್ಕಿಬಿದ್ದವನು ಎದುರಿನವನ ಮೈಗೋ ನೆಲಕ್ಕೋ ಎರಡು ಸಲ ತಟ್ಟಬೇಕು. ಅದಕ್ಕೆ ಟ್ಯಾಪ್ ಅನ್ನುತ್ತಾರೆ. ತಟ್ಟಿದರೆ ಬಿಡಬೇಕು. ಆ ಕ್ಷಣವೇ ಬಿಡಬೇಕು. ಆಮೇಲೆ ಕೈ ಕುಲುಕಿ ಮತ್ತೆ ಶುರು.

ಇನ್ನು ಕೆಲವರು ಬೇರೆ ದಾರಿಯಲ್ಲಿ ಬರುತ್ತಾರೆ. "ನಮ್ಮಲ್ಲೇ ಕಳರಿ ಉಂಟಲ್ಲ, ನಿನಗೆ ಬ್ರೆಜಿಲಿನದ್ದು ಎಂತಕ್ಕೆ?" ಕಳರಿಯ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ಈ ವಿದ್ಯೆ ಕೂಡ ಒಂದೇ ಊರಿನದ್ದಲ್ಲ. ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಶಾಲೆ ಶುರು ಮಾಡಿ ಜೂಡೊ ಕಲಿಸಿದರು. ಅಲ್ಲಿ ಕಲಿತ ಮಿತ್ಸುಯೊ ಮಯೇದಾ ದೇಶ ದೇಶ ಸುತ್ತಿ 1914ರಲ್ಲಿ ಬ್ರೆಜಿಲ್ ತಲುಪಿದರು. ಬೆಲೆಂ ಎಂಬ ಊರಿನಲ್ಲಿ ನೆಲೆ ನಿಂತು ಕಾರ್ಲೊಸ್ ಗ್ರೇಸಿ ಎಂಬ ಹುಡುಗನಿಗೆ ಕಲಿಸಿದರು. ಆ ಹುಡುಗ ತನ್ನ ತಮ್ಮಂದಿರಿಗೆ ಕಲಿಸಿದ. ಹೀಗೆ ಬೆಳೆದು ಅದು ಮಂಗಳೂರಿನ ಒಂದು ಬಾಡಿಗೆ ಹಾಲ್‌ಗೂ ಬಂತು. ನಾನು ತಲಪಾಡಿ ದಾಟಿ, ನೇತ್ರಾವತಿ ದಾಟಿ ಅಲ್ಲಿಗೆ ಹೋಗುತ್ತೇನೆ. ಅಷ್ಟೇ.

"ಕಪ್ಪು ಬೆಲ್ಟ್ ಯಾವಾಗ?" ಅಂತಲೂ ಕೇಳುತ್ತಾರೆ. ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಬಿಳಿ, ನೀಲಿ, ನೇರಳೆ, ಕಂದು, ಆಮೇಲೆ ಕಪ್ಪು. ನನ್ನದು ಬಿಳಿ, ಮೂರು ಪಟ್ಟಿ. ಮಕ್ಕಳಿಗೆ ರಜೆಯಲ್ಲಿ ಕ್ಯಾಂಪ್ ಮಾಡಿ ಬೆಲ್ಟ್ ಹಂಚುವುದನ್ನು ನೋಡಿದವರಿಗೆ ಇದು ನಿಧಾನ ಅನಿಸುತ್ತದೆ. ನಿಧಾನವೇ. ಅದರಲ್ಲಿ ನನಗೆ ಬೇಸರ ಇಲ್ಲ.

ಮೊದಲ ಆರು ತಿಂಗಳು ಹೇಗಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ಹೊಸದಾಗಿ ಸೇರುವ ಯೋಚನೆ ಇರುವವರಿಗೆ ಬೇಕಾದ್ದು ಅದೇ ಅಲ್ವಾ? ಹೇಳುತ್ತೇನೆ.

ಮೊದಲ ದಿನ ನನ್ನನ್ನು ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿಯ ಜೊತೆ ಬಿಟ್ಟರು. ನನ್ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಕ ಇರಬಹುದು. ನಾನು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿದೆ. ಎರಡು ನಿಮಿಷಕ್ಕೆ ಕಣ್ಣು ಕತ್ತಲೆ ಬಂತು. ಆಗ ಅವಳು ಸುಮ್ನೆ ನನ್ನ ಬೆನ್ನಿಗೆ ಬಂದು ಕುತ್ತಿಗೆ ಹಿಡಿದಳು. ಗಂಟಲು ಒತ್ತಿದ್ದಲ್ಲ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತುವುದು. ಮೆದುಳಿಗೆ ರಕ್ತ ಹೋಗುವುದು ಕಡಿಮೆಯಾಗುತ್ತದೆ, ಬಿಡದಿದ್ದರೆ ಸುಮಾರು ಹತ್ತು ಸೆಕೆಂಡಿನೊಳಗೆ ಪ್ರಜ್ಞೆ ತಪ್ಪುತ್ತದೆ. ನಾನು ತಟ್ಟಿದೆ. ಅವಳು ಬಿಟ್ಟಳು. "ಉಸಿರು ಬಿಡಿ ಅಣ್ಣ" ಅಂದಳು.

ಉಸಿರಿನ ವಿಷಯ ನನಗೆ ದೊಡ್ಡ ಪಾಠ. ನಾವೆಲ್ಲ ಕಬಡ್ಡಿ ಆಡಿ ಬೆಳೆದವರು. ಗೆರೆ ದಾಟಿದ ಮೇಲೆ ಒಂದೇ ಉಸಿರು, ಅದು ತಪ್ಪಿದರೆ ಔಟು. ಆ ಅಭ್ಯಾಸ ಮೈಯಲ್ಲೇ ಕೂತಿರುತ್ತದೆ. ಯಾರಾದರೂ ಹಿಡಿದ ಕೂಡಲೇ ಉಸಿರು ಕಟ್ಟುತ್ತೇವೆ, ಹಲ್ಲು ಕಚ್ಚುತ್ತೇವೆ. ಮ್ಯಾಟಿನ ಮೇಲೆ ಅದರಿಂದ ಏನೂ ಸಿಗುವುದಿಲ್ಲ. ಸುಸ್ತು ಮಾತ್ರ ಸಿಗುತ್ತದೆ. ಎದೆಯ ಮೇಲೆ ಎಂಬತ್ತು ಕಿಲೋ ಕೂತಿರುವಾಗ ಮೂಗಿನಲ್ಲಿ ಮೆಲ್ಲಗೆ ಉಸಿರಾಡುವುದನ್ನು ಕಲಿಯಲಿಕ್ಕೆ ನನಗೆ ಐದು ತಿಂಗಳು ಬೇಕಾಯಿತು.

ಆ ಐದು ತಿಂಗಳಲ್ಲಿ ಕಲಿತ ಇನ್ನೊಂದು ವಿಷಯ ಶ್ರಿಂಪ್. ನಮ್ಮಲ್ಲಿ ತುಳುವಿನಲ್ಲಿ ಎಟ್ಟಿ ಅನ್ನುತ್ತೇವಲ್ಲ, ಸಿಗಡಿ, ಅದೇ. ಅಂಗಾತ ಮಲಗಿ, ಒಂದು ಕಾಲು ನೆಲಕ್ಕೆ ಊರಿ, ಸೊಂಟ ಎತ್ತಿ ಹಿಂದಕ್ಕೆ ಜಾರುವುದು. ಮೇಲೆ ಕೂತವನಿಗೂ ನಮಗೂ ನಡುವೆ ಒಂದು ಗೇಣು ಜಾಗ ಸಿಗುತ್ತದೆ. ಆ ಗೇಣಿನಲ್ಲಿ ಮೊಣಕಾಲು ತೂರಿಸಬಹುದು. ಮೊಣಕಾಲು ತೂರಿದರೆ ಬದುಕಿದ ಹಾಗೆ. ಹಾಲಿನ ಈ ತುದಿಯಿಂದ ಆ ತುದಿಗೆ ದಿನವೂ ಹೀಗೆ ಜಾರಬೇಕು. ಮನೆಯಲ್ಲಿ ಜಗಲಿಯ ಮೇಲೆ ಅಭ್ಯಾಸ ಮಾಡುವಾಗ ಅಮ್ಮ ಹೆದರಿ ಓಡಿ ಬಂದಿದ್ದರು, ಬಿದ್ದಿದ್ದೇನೆ ಅಂದುಕೊಂಡು.

ಬೆರಳು ನೋಯುತ್ತದೆ. ಗಿ ಅಂದರೆ ದಪ್ಪ ಹತ್ತಿಯ ಅಂಗಿ, ಅದರ ಕಾಲರು ತೋಳು ಹಿಡಿದು ಹಿಡಿದು ಮರುದಿನ ನೋಟು ಎಣಿಸುವಾಗ ಬೆರಳು ಮಡಚುವುದಿಲ್ಲ. ಉಗುರು ಕತ್ತರಿಸಿಯೇ ಹೋಗಬೇಕು. ಒದ್ದೆ ಗಿ ಚೀಲದಲ್ಲಿ ಮರೆತರೆ ಹುಳಕಡ್ಡಿ ಖಂಡಿತ. ಮ್ಯಾಟಿನಿಂದ ಇಳಿದ ಕೂಡಲೇ ಸ್ನಾನ ಆಗಬೇಕು. ಆಟಿ ತಿಂಗಳ ಮಳೆಯಲ್ಲಿ ಗಿ ಒಣಗಿಸುವುದು ಒಂದು ದೊಡ್ಡ ಕೆಲಸ. ನಾನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕುತ್ತೇನೆ. ಮಳೆಗಾಲವಿಡೀ ಅದಕ್ಕೆ ಅಡಿಕೆ ಸಿಪ್ಪೆಯ ಹೊಗೆ ವಾಸನೆ. ಹಾಲಿನಲ್ಲಿ ಒಬ್ಬರು "ನಿಮ್ಮ ಹತ್ತಿರ ಬಂದರೆ ಅಜ್ಜನ ಮನೆ ನೆನಪಾಗ್ತದೆ" ಅಂದರು. ನನಗೆ ತುಂಬ ಖುಷಿಯಾಯಿತು.

ಈಗ ಆ ದಿನದ ಕಥೆ. ಈ ಬರಹಕ್ಕೆ ಕಾರಣವೇ ಅದು.

ಬದಿಯಡ್ಕ ಹತ್ತಿರ ದೊಡ್ಡಪ್ಪನ ಮನೆಯಲ್ಲಿ ಪೂಜೆ ಇತ್ತು. ಊಟ ಆಯಿತು, ಹೋಳಿಗೆ ಕಾಯಿಹಾಲು ಆಯಿತು. ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಸುತ್ತ ಹನ್ನೆರಡು ಜನ. ದೊಡ್ಡಪ್ಪ ಶುರು ಮಾಡಿದರು. "ಇವ ಎಂತದೋ ಕುಸ್ತಿ ಕಲೀಲಿಕ್ಕೆ ಮಂಗಳೂರಿಗೆ ಹೋಗ್ತಾನಂತೆ. ಎಷ್ಟು ಜನರನ್ನು ಹೊಡೀತೀ ಮಾರಾಯ?" ನಾನು ಮೇಲೆ ಬರೆದ ಉತ್ತರ ಹೇಳಿದೆ. ಕೇಳುವವರಿಗೆ ಉತ್ತರ ಬೇಕಿರಲಿಲ್ಲ. ನನ್ನ ದೊಡ್ಡಪ್ಪನ ಮೊಮ್ಮಗ ಅಲ್ಲೇ ಇದ್ದ. ಹದಿನೇಳು ವರ್ಷ, ಶಾಲೆಯ ಕಬಡ್ಡಿ ತಂಡದವ, ತೊಡೆ ಅಂದರೆ ತೆಂಗಿನ ಬುಡ. "ಇವನನ್ನು ಬೀಳಿಸಿ ತೋರಿಸು" ಅಂದರು.

ಬೇಡ ಅಂದೆ. ಹೊಟ್ಟೆ ತುಂಬಿದೆ ಅಂದೆ. ಅಂಗಳ ಗಟ್ಟಿ ಅಂದೆ. ಅಡಿಕೆ ಮುಚ್ಚುವ ಟರ್ಪಾಲು ತಂದು ಹಾಸಿದರು. "ಹೆದರಿದಾ?" ಅಂತ ಒಂದು ಸ್ವರ ಬಂತು. ನಾನು ಅಂಗಿ ತೆಗೆದಿಟ್ಟು ಇಳಿದೆ. ಇಳಿಯಬಾರದಿತ್ತು. ಈಗಲೂ ಆ ಒಂದು ವಿಷಯಕ್ಕೆ ನನಗೆ ಬೇಸರ ಇದೆ.

ಹುಡುಗ ಬಾಗಿ ಎರಡೂ ಕಾಲು ಹಿಡಿದ. ಚೆನ್ನಾಗಿ ಹಿಡಿದ, ಅದರಲ್ಲಿ ಅವನು ನನಗಿಂತ ಎಷ್ಟೋ ಮೇಲೆ. ನಾನು ಹಿಂದಕ್ಕೆ ಬಿದ್ದೆ. ಜಗಲಿಯಲ್ಲಿ ಚಪ್ಪಾಳೆ. ಅವರ ಲೆಕ್ಕದಲ್ಲಿ ಅಲ್ಲಿಗೆ ಆಟ ಮುಗಿಯಿತು. ನಮ್ಮ ಪಂದ್ಯದ ಲೆಕ್ಕದಲ್ಲಿ ಬೀಳಿಸಿದ್ದಕ್ಕೆ 2 ಅಂಕ. ಕಾಲಿನ ತಡೆ ದಾಟಿ ಬದಿಗೆ ಬಂದರೆ 3, ಎದೆಯ ಮೇಲೆ ಕೂತರೆ ಅಥವಾ ಬೆನ್ನು ಹಿಡಿದರೆ 4. ಬಿದ್ದ ಮೇಲೆಯೇ ಮುಖ್ಯ ಕೆಲಸ ಶುರು.

ನಾನು ಬೀಳುತ್ತಲೇ ಅವನ ಸೊಂಟವನ್ನು ಎರಡೂ ಕಾಲಿನಿಂದ ಸುತ್ತಿದೆ. ಅದಕ್ಕೆ ಗಾರ್ಡ್ ಅನ್ನುತ್ತಾರೆ. ಅವನಿಗೆ ಮುಂದೆ ಬರಲಿಕ್ಕಾಗಲಿಲ್ಲ, ಎದ್ದು ಹೋಗಲಿಕ್ಕೂ ಆಗಲಿಲ್ಲ. ಸ್ವಲ್ಪ ಹೊತ್ತು ಎಳೆದ. ಅವನ ಉಸಿರು ಕಟ್ಟುವುದು ನನಗೆ ಕೇಳುತ್ತಿತ್ತು. ಆಮೇಲೆ ನನ್ನನ್ನು ನೆಲಕ್ಕೆ ಒತ್ತಲು ಬಲಗೈ ನೇರ ಮಾಡಿ ನನ್ನ ಎದೆಗೆ ಊರಿದ. ಹೊಸಬರೆಲ್ಲ ಮಾಡುವ ತಪ್ಪು. ನಾನೂ ನೂರು ಸಲ ಮಾಡಿದ್ದೇನೆ. ಮಣಿಕಟ್ಟು ಹಿಡಿದೆ, ಅವನ ಸೊಂಟಕ್ಕೆ ಪಾದ ಇಟ್ಟು ಅಡ್ಡ ತಿರುಗಿದೆ, ಇನ್ನೊಂದು ಕಾಲನ್ನು ಅವನ ಮುಖದ ಮುಂದೆ ತಂದೆ. ಈಗ ಅವನ ಮೊಣಕೈ ನನ್ನ ಸೊಂಟದ ಮೇಲೆ ನೇರವಾಗಿ ಇತ್ತು. ಸೊಂಟ ನಾಲ್ಕು ಬೆರಳು ಎತ್ತಿದರೆ ಸಾಕು.

ಆಗ ನನಗೆ ಹೊಳೆಯಿತು. ಈ ಹುಡುಗನಿಗೆ ತಟ್ಟುವುದು ಗೊತ್ತಿಲ್ಲ.

ಯಾರೂ ಹೇಳಿಕೊಟ್ಟಿಲ್ಲ. ಅಜ್ಜ ನೋಡುತ್ತಿದ್ದಾರೆ, ಮನೆಯವರೆಲ್ಲ ನೋಡುತ್ತಿದ್ದಾರೆ. ಇವನು ಸೋಲು ಒಪ್ಪುವ ವಯಸ್ಸಿನವನಲ್ಲ. ಶಕ್ತಿ ಹಾಕಿ ಎಳೆದೇ ಎಳೆಯುತ್ತಾನೆ. ಎಳೆಯುವ ದಿಕ್ಕು ತಪ್ಪಿದರೆ ಕೀಲು ಹೋಗುತ್ತದೆ. ಮುಂದಿನ ತಿಂಗಳು ಅವನಿಗೆ ಪಂದ್ಯ ಇದೆ ಅಂತ ಊಟದಲ್ಲಿ ಹೇಳಿದ್ದ.

ಬಿಟ್ಟೆ. ಅವನು ನನ್ನ ಮೇಲೆಯೇ ಬಿದ್ದ. ದೊಡ್ಡಪ್ಪ ನಕ್ಕರು. "ಇಷ್ಟೇನಾ ಮಾರಾಯ? ತಬ್ಬಿಕೊಂಡು ಮಲಗಲಿಕ್ಕೆ ಮಂಗಳೂರಿಗೆ ಹೋಗ್ಬೇಕಾ?"

ಆ ಮಾತು ಊರಿಡೀ ಸುತ್ತಿತು. ಬ್ಯಾಂಕಿನ ಕೌಂಟರಿನ ತನಕ ಬಂತು. ನನಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ.

1951ರಲ್ಲಿ ರಿಯೋದ ಮರಕಾನಾ ಸ್ಟೇಡಿಯಂನಲ್ಲಿ ಜಪಾನಿನ ಮಸಾಹಿಕೊ ಕಿಮುರಾ, ಕಾರ್ಲೊಸ್ ಗ್ರೇಸಿಯ ತಮ್ಮ ಎಲ್ಯೊ ಗ್ರೇಸಿಯ ತೋಳು ಸಿಕ್ಕಿಸಿದರು. ಎಲ್ಯೊ ತಟ್ಟಲಿಲ್ಲ. ಕೊನೆಗೆ ಅವರ ಕಡೆಯವರೇ ಟವಲ್ ಎಸೆದು ಪಂದ್ಯ ನಿಲ್ಲಿಸಿದರು. ಆ ಹಿಡಿತಕ್ಕೆ ಇಂದಿಗೂ ಕಿಮುರಾ ಅಂತಲೇ ಹೆಸರು. ಹೊಸಬರಿಗೆ ಈ ಕಥೆ ಕೇಳಿದರೆ ರೋಮಾಂಚನ. ತಟ್ಟದೆ ಇರುವುದೇ ಧೈರ್ಯ ಅಂದುಕೊಳ್ಳುತ್ತಾರೆ. ಎಲ್ಯೊ ಅವರ ಧೈರ್ಯ ಎಲ್ಯೊ ಅವರದ್ದು. ಮರುದಿನ ಬೆಳಿಗ್ಗೆ ಮರ ಹತ್ತಬೇಕಾದವರು, ಬಸ್ಸು ಓಡಿಸಬೇಕಾದವರು, ಮಗು ಎತ್ತಿಕೊಳ್ಳಬೇಕಾದವರು ಬೇಗ ತಟ್ಟಬೇಕು. ನಮ್ಮ ಹಾಲಿನಲ್ಲಿ ಬೇಗ ತಟ್ಟಿದವರು ಇನ್ನೂ ಬರುತ್ತಿದ್ದಾರೆ. ಹಟ ಮಾಡಿದ ಇಬ್ಬರು ಭುಜ ಹಿಡಿದುಕೊಂಡು ಹೋದವರು ಮತ್ತೆ ಬರಲಿಲ್ಲ.

ಎಷ್ಟು ಜನರನ್ನು ಹೊಡೀತೀ ಅನ್ನುವ ಬದಲು, ನಿನ್ನ ಕುತ್ತಿಗೆಯನ್ನು ಯಾರ ಕೈಗೆ ಕೊಡ್ತೀ ಅಂತ ಕೇಳಿ. ಅದಕ್ಕೆ ನಾನು ಗಂಟೆಗಟ್ಟಲೆ ಉತ್ತರ ಹೇಳುತ್ತೇನೆ. ಆ ನರ್ಸಿಂಗ್ ಹುಡುಗಿಗೆ ಕೊಡುತ್ತೇನೆ. ಉಳ್ಳಾಲದ ಒಬ್ಬರು ಮೀನಿನ ಲಾರಿಯವರಿದ್ದಾರೆ, ಅವರ ಬ್ಯಾರಿ ಭಾಷೆ ನನಗೆ ಅರ್ಧ ಮಾತ್ರ ಅರ್ಥವಾಗುತ್ತದೆ, ಅವರಿಗೆ ಕೊಡುತ್ತೇನೆ. ಪಯ್ಯನ್ನೂರಿನ ಹುಡುಗನಿಗೆ ಮಲಯಾಳ ಬಿಟ್ಟರೆ ಬೇರೆ ಬರುವುದಿಲ್ಲ, ಅವನಿಗೂ ಕೊಡುತ್ತೇನೆ. ಕಾಸರಗೋಡನ್ನು ಸಪ್ತಭಾಷೆಯ ನಾಡು ಅನ್ನುತ್ತಾರೆ. ಇಲ್ಲಿ ಯಾವ ಭಾಷೆಯಲ್ಲಿ ಮಾತಾಡಿದರೆ ಯಾರಿಗೆ ಬೇಸರ ಆಗ್ತದೆ ಅಂತ ಲೆಕ್ಕ ಹಾಕಿಯೇ ನಾವು ಬಾಯಿ ತೆರೆಯುವುದು. ಮ್ಯಾಟಿನ ಮೇಲೆ ಎರಡು ಸಲ ತಟ್ಟಿದರೆ ಏಳು ಭಾಷೆಯವರಿಗೂ ಗೊತ್ತಾಗುತ್ತದೆ. ಎಲ್ಲರೂ ಬಿಡುತ್ತಾರೆ. ಕತ್ತಲೆಯಲ್ಲಿ ಕೊನೆಯ ರೈಲಿಗೆ ಓಡಿ, ಒದ್ದೆ ಚೀಲ ಹೊತ್ತು ಮನೆಗೆ ಬರುವುದು ನನಗೆ ಕಷ್ಟ ಅನಿಸದಿರುವುದು ಇದಕ್ಕೇ.

ಆ ದಿನದ ಕಥೆ ಇನ್ನು ಸ್ವಲ್ಪ ಉಂಟು. ಸಂಜೆ ಹೊರಡುವ ಹೊತ್ತು. ನಾನು ಬೈಕಿನ ಹತ್ತಿರ ನಿಂತಿದ್ದೆ. ಹುಡುಗ ಬಂದ. ಬಲ ಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

"ಚಿಕ್ಕಪ್ಪ, ನೀವು ಕೈ ಹಿಡಿದಿದ್ರಲ್ಲ. ಯಾಕೆ ಬಿಟ್ಟದ್ದು?"

ಅವನಿಗೆ ಗೊತ್ತಾಗಿತ್ತು. ಜಗಲಿಯಲ್ಲಿದ್ದ ಹನ್ನೆರಡು ಜನರಿಗೆ ಕಾಣದ್ದು ಅವನಿಗೆ ತಿಳಿದಿತ್ತು. ನನಗೆ ಗಂಟಲು ಕಟ್ಟಿತು. "ನಿನಗೆ ತಟ್ಟಲಿಕ್ಕೆ ಗೊತ್ತಿರಲಿಲ್ಲ ಮಗಾ" ಅಂದೆ.

"ತೋರಿಸಿ" ಅಂದ.

ಟರ್ಪಾಲು ಇನ್ನೂ ಅಂಗಳದಲ್ಲೇ ಇತ್ತು. ಮೊದಲು ಹಿಡಿತ ತೋರಿಸಲಿಲ್ಲ. ತಟ್ಟುವುದು ತೋರಿಸಿದೆ. ಕೈಯಲ್ಲಿ, ಕೈ ಸಿಕ್ಕಿದ್ದರೆ ಕಾಲಿನಲ್ಲಿ, ಎರಡೂ ಆಗದಿದ್ದರೆ ಬಾಯಲ್ಲಿ ಹೇಳು. ಅವನು ನನ್ನ ತೊಡೆಗೆ ಮೆಲ್ಲಗೆ ಎರಡು ಸಲ ತಟ್ಟಿದ, ನಾಚಿಕೆಯಲ್ಲಿ. ಜೋರಾಗಿ ಅಂದೆ. ಜೋರಾಗಿ ತಟ್ಟಿದ. ಆಮೇಲೆ ಕೈ ಕೊಟ್ಟ. ನಾನು ಮೆಲ್ಲಗೆ, ಬೆರಳು ಬೆರಳಿನಷ್ಟು ಸೊಂಟ ಎತ್ತಿದೆ. ತಟ್ಟಿದ. ಬಿಟ್ಟೆ.

"ಇನ್ನೊಮ್ಮೆ" ಅಂದ.

ಅವನ ಅಮ್ಮ ಚಹಾಕ್ಕೆ ಕರೆಯುವ ತನಕ ಮಾಡಿದೆವು.