ಸ್ಪ್ಲಿಟ್ ಫಿನ್ನಾ, ಪ್ಯಾಡಲ್ ಫಿನ್ನಾ?

ಕಾಸರಗೋಡಿನಿಂದ ರೈಲು ಹತ್ತಿ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವ್ ಮಾಡುವ ಚಟ ನನಗೆ, ಈ ಸಲ ಸ್ವಂತ ಫಿನ್ಸ್ (ಈಜ್ಲಿಕ್ಕೆ ಕಾಲಿಗೆ ಹಾಕುವ ರೆಕ್ಕೆ) ತೆಗೊಳ್ಳುವ ಅಂತ ಹೊರಟಾಗಲೇ ತಲೆಬಿಸಿ ಶುರು ಆದದ್ದು.

ಸ್ಪ್ಲಿಟ್ ಅಂದ್ರೆ ಫಿನ್ನಿನ ಚಪ್ಪಟೆ ಬ್ಲೇಡ್ ನಡುವೆ ಸೀಳಿದ್ದು, ಪ್ಯಾಡಲ್ ಅಂದ್ರೆ ಸೀಳದ್ದು. ಸ್ಪ್ಲಿಟ್‌ನಲ್ಲಿ ಸಣ್ಣಸಣ್ಣ ಫ್ಲಟರ್ ಕಿಕ್ (ಕಾಲನ್ನು ಒಂದಾದ ಮೇಲೆ ಒಂದು ಮೇಲೆ ಕೆಳಗೆ ಬಡಿಯುದು) ಹೊಡೆದ್ರೆ ಸಾಕು, ನನ್ನ ಹಳೇ ಮೊಣಗಂಟು ನೋವಿಗೆ ಸ್ವರ್ಗ ಮಾರಾಯ್ರೆ. ಆದ್ರೆ ಕಪ್ಪೆಯ ಹಾಗೆ ಕಾಲು ಅಗಲಿಸಿ ಫ್ರಾಗ್ ಕಿಕ್ ಹೊಡೀಲಿಕ್ಕೆ, ಹಿಂದೆ ಬರ್ಲಿಕ್ಕೆ, ನಿಂತಲ್ಲೇ ತಿರುಗ್ಲಿಕ್ಕೆ ಹೋದ್ರೆ ಹಿಡಿತವೇ ಸಿಕ್ಕುದಿಲ್ಲ, ಮತ್ತೆ ಫ್ಲಟರೇ ಗತಿ, ಅಡಿಯ ಹೊಯ್ಗೆ ಎಲ್ಲ ಎದ್ದು ಹಿಂದಿನವನಿಗೆ ಎಂತದೂ ಕಾಣುದಿಲ್ಲ (ಬೈಗುಳ ತಿಂದದ್ದು ನಾನೇ). ಪ್ಯಾಡಲ್‌ನಲ್ಲಿ ಕಾಲು ಬೇಗ ಸೋಲ್ತದೆ ಹೌದು, ಆದ್ರೆ ಸಮುದ್ರದ ಕರೆಂಟ್ (ನೀರಿನ ಸೆಳೆತ) ಎಳೆಯುವಾಗ ಒಂದೊಂದು ಕಿಕ್‌ಗೂ ನೀರನ್ನು ತಳ್ಳಿದ್ದು ಗೊತ್ತಾಗ್ತದೆ.

ಕಡೆಗೆ ಪ್ಯಾಡಲ್ಲೇ ತೆಗೊಂಡೆ, ತುಂಬಾ ಗಟ್ಟಿ ಅಲ್ಲದ್ದು. ಮೊಣಗಂಟಿಗೆ ಅಮ್ಮನ ಕೊಟ್ಟಂಚುಕ್ಕಾದಿ ತೈಲ ಉಂಟಲ್ಲ.