ಡಿಕಾಕ್ಷನ್ ಬಣ್ಣದ ನೀರು

ಅಮೆರಿಕದ ವರ್ಜೀನಿಯಾದ ನಾರ್ಫೋಕ್ ಬಿಟ್ಟು ಎರಡನೇ ದಿನ. ಅಟ್ಲಾಂಟಿಕ್ ತೀರದ ಒಳಗಿನ ಜಲಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟಿದ್ದೇವೆ. ನಾನು, ಇವರು, ನಮ್ಮ ಪುಟ್ಟ ದೋಣಿ. ಅವಸರವೇ ಇಲ್ಲ. ಬೆಳಿಗ್ಗೆ ಡೀಪ್ ಕ್ರೀಕ್ ಲಾಕ್ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿ) ಒಳಗೆ ನಿಂತೆವು, ಹಿಂದೆ ಗೇಟು ಮುಚ್ಚಿತು, ನೀರು ತುಂಬುತ್ತಾ ತುಂಬುತ್ತಾ ನಮ್ಮನ್ನು ಸುಮಾರು 8 ಅಡಿ ಮೇಲೆತ್ತಿತು, ನಾನು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತಾ ನಿಂತಿದ್ದೆ.

ಆಚೆ ಡಿಸ್ಮಲ್ ಸ್ವಾಂಪ್ ಕಾಲುವೆ. 22 ಮೈಲಿ, ಬಹುಪಾಲು ನೇರ ಗೆರೆ. ನೀರು ಥೇಟ್ ಡಿಕಾಕ್ಷನ್ ಬಣ್ಣ! ಜೌಗಿನ ಮರ, ಕೊಳೆತ ಎಲೆಗಳಿಂದ ಇಳಿಯುವ ಟ್ಯಾನಿನ್ ಎಂಬ ಕಂದು ಒಗರು ಅದು. ಲೋಟದಲ್ಲಿ ಮೊಗೆದು ಬೆಳಕಿಗೆ ಹಿಡಿದರೆ ತಿಳಿ ಜೇನಿನ ಹಾಗೆ ಕಾಣುತ್ತದೆ. ದೋಣಿಯ ಬಿಳಿ ಮೂತಿಗೆ ಆಗಲೇ ಕಂದು ಮೀಸೆ ಮೂಡಿದೆ.

1793ರಲ್ಲಿ ಅಗೆಯಲು ಶುರು ಮಾಡಿ 1805ರಲ್ಲಿ ತೆರೆದ ಕಾಲುವೆ ಇದು. ಅಗೆದವರಲ್ಲಿ ಹೆಚ್ಚಿನವರು ಗುಲಾಮರು, ಕೆಸರಲ್ಲಿ ನಿಂತು, ಕೈಯಿಂದಲೇ. ಇದೇ ಜೌಗಿನೊಳಗೆ ತಪ್ಪಿಸಿಕೊಂಡು ಬಂದು ಅಡಗಿ ಬದುಕಿದವರೂ ಇದ್ದರು. ಅದನ್ನು ಓದಿದ ಮೇಲೆ ಇಂಜಿನ್ ವೇಗ ಇನ್ನೂ ಇಳಿಸಿದೆವು. ಸುಮ್ನೆ ಇಬ್ಬರೂ ದಡ ನೋಡುತ್ತಾ ಕೂತೆವು. ನಾವು ಖುಷಿಗೆ ಸಾಗುವ ದಾರಿ ಎಷ್ಟು ಜನರ ಬದುಕನ್ನು ತಿಂದಿದೆ, ಅಲ್ವಾ?

ಈಗ ಸಂಜೆ, ಹಗ್ಗ ಕಟ್ಟಿದ್ದೇವೆ. ಇವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆ. ನಾಳೆ ಸೌತ್ ಮಿಲ್ಸ್ ಲಾಕ್ ಇಳಿದು ಎಲಿಜಬೆತ್ ಸಿಟಿ ಕಡೆಗೆ.