ಪ್ಯಾಕೆಟ್ ಮೇಲಿನ ತಾರೀಖು

13 ಏಪ್ರಿಲ್ 2025, ಭಾನುವಾರ
ದಾವಣಗೆರೆ

ಇವತ್ತು ಬೆಳಗ್ಗೆ ಉಪ್ಪಿನ ಡಬ್ಬಿ ತಳ ಕಂಡಿತು. ಡಬ್ಬಿ ಕೆಳಗೆ ಮಡಚಿ ಇಟ್ಟಿದ್ದ ಖಾಲಿ ಪ್ಯಾಕೆಟ್ ತೆಗೆದು ತಿರುಗಿಸಿ ನೋಡಿದೆ. ಬಾಲ್ ಪೆನ್ನಿನಲ್ಲಿ ನಾನೇ ಬರೆದದ್ದು: ಮಾರ್ಚ್ 2. ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚಿ ಎಣಿಸಿದೆ. 42 ದಿನ. ಖುಷಿಗೆ ಇನ್ನೊಂದು ಸಲ ಎಣಿಸಿದೆ. 42 ದಿನವೇ.

ಇದಕ್ಕೇನು ಖುಷಿ ಅಂತ ಕೇಳಬೇಡಿ. ಇದರ ಹಿಂದಿನ ಪ್ಯಾಕೆಟ್ 24 ದಿನಕ್ಕೇ ಮುಗಿದಿತ್ತು.

ಶುರುವಾದದ್ದು ಜನವರಿ ಕೊನೆಯಲ್ಲಿ. ಮಂಡಿನೋವು ಅಂತ ಡಾಕ್ಟರ್ ಹತ್ತಿರ ಹೋಗಿದ್ದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. ಸುಮ್ನೆ ತೋಳಿಗೆ ಪಟ್ಟಿ ಕಟ್ಟಿದರು. 164/100. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರು, ಹೆಚ್ಚುಕಡಿಮೆ ಅಷ್ಟೇ. ವಾರ ಬಿಟ್ಟು ಬರಲು ಹೇಳಿದರು. ಆಗಲೂ ಇಳಿದಿರಲಿಲ್ಲ. ಮಂಡಿಗೆ ಅಂತ ಮೆಡಿಕಲ್ ಶಾಪಿನಲ್ಲಿ ನಾನೇ ಕೇಳಿ ತಂದು ನುಂಗುತ್ತಿದ್ದ ನೋವಿನ ಮಾತ್ರೆಯೂ ಬಿಪಿ ಏರಿಸುತ್ತದೆ ಅಂತ ಗೊತ್ತಾದದ್ದು ಅವತ್ತೇ. ಅದನ್ನು ಬಿಡಿಸಿ ಬಿಪಿ ಮಾತ್ರೆ ಬರೆದುಕೊಟ್ಟರು. ಆಮೇಲೆ ಕೇಳಿದರು, "ಉಪ್ಪು ಹೆಂಗೆ ತಿಂತೀರಿ?"

"ಕಮ್ಮೀನೇ ತಿಂತೀವಿ ಸರ್" ಅಂದೆ.

ಅವರು ನಕ್ಕರು. "ಎಲ್ಲರೂ ಹಂಗೇ ಅಂತಾರೆ. ಒಂದು ಕೆಲಸ ಮಾಡ್ರಿ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೀರಿ. ಮುಗಿದ ದಿನ ಲೆಕ್ಕ ಹಾಕ್ರಿ."

ಫೆಬ್ರವರಿ 6ಕ್ಕೆ ಒಡೆದ ಒಂದು ಕಿಲೋ ಮಾರ್ಚ್ 2ಕ್ಕೆ ಮುಗಿಯಿತು. ಮನೆಯಲ್ಲಿ ನಾಲ್ಕು ಜನ: ನಾನು, ನಮ್ಮವರು, ಅತ್ತೆ, ಮಗ. ತಲೆಗೆ ದಿನಕ್ಕೆ ಹತ್ತು ಗ್ರಾಂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5 ಗ್ರಾಂ ಒಳಗೆ ಇರಲಿ ಅಂತ, ಅಂದರೆ ಸಣ್ಣ ಟೀ ಚಮಚದಲ್ಲಿ ತಲೆ ತಟ್ಟಿದ ಒಂದು ಚಮಚ. ಬೆಳಗಿನ ತಿಂಡಿಯಿಂದ ರಾತ್ರಿ ಮಜ್ಜಿಗೆವರೆಗೆ ಎಲ್ಲ ಸೇರಿ ಅಷ್ಟೇ. ಜಗತ್ತಿನ ಸರಾಸರಿಯೇ 11 ಗ್ರಾಂ ಹತ್ತಿರ ಇದೆಯಂತೆ. ನಾನೊಬ್ಬಳೇ ಅಲ್ಲ ಅನ್ನುವ ಸಮಾಧಾನ ಆಯಿತು. ಅದನ್ನು ಹೇಳಿದ್ದಕ್ಕೆ ಮಗ, "ಅಮ್ಮಾ, ಬಿಪಿ ಇರೋರೂ ನೀನೊಬ್ಬಳೇ ಅಲ್ಲ" ಅಂದ.

ಉಪ್ಪಿಗೂ ಬಿಪಿಗೂ ಏನು ಸಂಬಂಧ ಅಂತ ಅತ್ತೆ ಕೇಳಿದರು. ಡಾಕ್ಟರ್ ಹೇಳಿದ್ದನ್ನೇ ಹೇಳಿದೆ. ಉಪ್ಪು ಹೆಚ್ಚಾದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ನೀರು ಹೆಚ್ಚಾಗುತ್ತದೆ. ನಾಳ ಅದೇ, ಹರಿಯೋದು ಮಾತ್ರ ಜಾಸ್ತಿ. ಅದಕ್ಕೆ ಒತ್ತಡ. "ಅದನ್ನೇ ಅಲ್ಲೇನು ನಾವು ಅನ್ನೋದು, ಉಪ್ಪು ತಿಂದವನು ನೀರು ಕುಡೀಬೇಕು ಅಂತ?" ಅಂದರು ಅತ್ತೆ. ಗಾದೆ ಇರೋದು ಬೇರೆ ಅರ್ಥಕ್ಕೆ, ಆದರೂ ಸರಿಯಾಗೇ ಕೂತಿತು.

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ಮಾರ್ಚ್ 3ನೇ ತಾರೀಖು ಒಂದೇ ಏಟಿಗೆ ಅರ್ಧ ಉಪ್ಪು ತೆಗೆದುಬಿಟ್ಟೆ. ಸಾರು ಸಪ್ಪೆ ಅಂದರೆ ಸಪ್ಪೆ. ನಮ್ಮವರು ಒಂದು ತುತ್ತು ಬಾಯಿಗಿಟ್ಟರು, ಏನೂ ಮಾತಾಡಲಿಲ್ಲ. ಎದ್ದು ಹೋಗಿ ಉಪ್ಪಿನ ಡಬ್ಬಿಯನ್ನೇ ತಂದು ಪಕ್ಕದಲ್ಲಿಟ್ಟುಕೊಂಡರು. ಮಗನೂ ಕೈ ಹಾಕಿದ. ಅತ್ತೆ ತಟ್ಟೆ ನೋಡಿ, ನನ್ನ ಮುಖ ನೋಡಿ, "ಯಾಕವ್ವ, ಉಪ್ಪು ತುಟ್ಟಿ ಆಗೇತೇನು?" ಅಂದರು. ಗಂಡನದು ಕಿರಾಣಿ ಅಂಗಡಿ, ಅವರ ಹೆಂಡತಿ ಉಪ್ಪಿಗೆ ಜಿಪುಣತನ ಮಾಡ್ತಾಳೆ ಅಂದರೆ ಹೇಗಿರಬೇಡ! ಮೇಲೆ ಉದುರಿಸಿಕೊಂಡದ್ದು ಲೆಕ್ಕ ಹಾಕಿದ್ದರೆ ಅವತ್ತು ಹಿಂದಿನ ದಿನಕ್ಕಿಂತ ಜಾಸ್ತಿಯೇ ಹೋಗಿರಬೇಕು.

ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟದ್ದು ಅಂಗಡಿ ತಕ್ಕಡಿ. ಮೂವತ್ತು ವರ್ಷದಿಂದ ನಾನು ಉಪ್ಪು ಹಾಕೋದು ಕೈ ಅಳತೆಯಲ್ಲಿ. ಐದು ಬೆರಳು ಕೂಡಿಸಿ ಡಬ್ಬಿಗೆ ಇಳಿಸಿ, ಎಷ್ಟು ಬರುತ್ತೋ ಅಷ್ಟು. ಅದಕ್ಕೆ ನಾನು ಇಟ್ಟ ಹೆಸರು "ಒಂದು ಚಿಟಿಕೆ". ಮಗ ಹೇಳಿದ, ತೂಗೇ ನೋಡೋಣ ಬಾ ಅಂತ. ಒಂದು ಸಲದ್ದು ಅಂಗಡಿ ತಕ್ಕಡಿಯಲ್ಲಿ ಸರಿಯಾಗಿ ಗೊತ್ತಾಗಲ್ಲ. ಅದಕ್ಕೇ ಹತ್ತು ಸಲ ಸಾರಿಗೆ ಹಾಕುವ ಹಾಗೇ ತೆಗೆದು ಪೇಪರ್ ಮೇಲೆ ಹಾಕಿಸಿದ. ಸಣ್ಣ ಗುಡ್ಡೆ ಆಯಿತು. 150 ಗ್ರಾಂ. ಅಂದರೆ ನನ್ನ ಒಂದು ಚಿಟಿಕೆ 15 ಗ್ರಾಂ! ಬರೀ ಸಾರಿನಲ್ಲೇ ನಾಲ್ಕು ಜನರ ದಿನದ ಪಾಲು ಮುಕ್ಕಾಲು ಮುಗಿದಿತ್ತು. ಇನ್ನು ಪಲ್ಯ, ಚಟ್ನಿ, ಅನ್ನ, ರಾತ್ರಿಯ ಅಡುಗೆ. ನಾಲಿಗೆ ಕೇಳಿದಷ್ಟು ಕೈ ಹಾಕುತ್ತೆ ಅಂದುಕೊಂಡಿದ್ದೆ. ಹಾಗಲ್ಲ, ಕೈ ಹಾಕಿದ್ದಕ್ಕೆ ನಾಲಿಗೆ ಒಗ್ಗಿಕೊಂಡಿದೆ.

ಅವತ್ತಿನಿಂದ ಡಬ್ಬಿಯೊಳಗೆ ಟೀ ಚಮಚ ಬಿತ್ತು. ಸಾರಿಗೆ ಮೂರು ಚಮಚದಿಂದ ಶುರು, ವಾರಕ್ಕೆ ಅರ್ಧ ಚಮಚ ಇಳಿಸಿದೆ. ಯಾರಿಗೂ ಹೇಳಲಿಲ್ಲ. ಮೂರನೇ ವಾರಕ್ಕೆ ಒಂದೂವರೆಗೆ ಬಂದಾಗ ಸ್ವಲ್ಪ ಗಲಾಟೆ ಆಯಿತು, ಅಲ್ಲೇ ನಿಲ್ಲಿಸಿದೆ. ಉಪ್ಪನ್ನು ಮೊದಲೇ ಹಾಕದೆ, ಇಳಿಸುವ ಮುಂಚೆ ಹಾಕಿದರೆ ಕಡಿಮೆಯಲ್ಲೇ ನಾಲಿಗೆಗೆ ಸಿಗುತ್ತದೆ. ನಿಂಬೆಹಣ್ಣು ಹಿಂಡಿದರೆ ಅರ್ಧ ಮೋಸ ಮುಗಿದ ಹಾಗೆ. ಬೆಳ್ಳುಳ್ಳಿ ಒಗ್ಗರಣೆ, ಹುರಿದ ಜೀರಿಗೆ, ಮೆಣಸು ಇವೆಲ್ಲ ಜೊತೆಗೆ. ಜೋಳದ ರೊಟ್ಟಿಗೂ ಮುದ್ದೆಗೂ ನಾವು ಉಪ್ಪು ಹಾಕೋದೇ ಇಲ್ಲ. ನಮ್ಮ ಕಡೆಯ ಊಟದಲ್ಲಿ ಇದೊಂದು ಪುಣ್ಯ. ಉಪ್ಪೆಲ್ಲ ಇರೋದು ಪಕ್ಕದಲ್ಲಿ: ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿ, ಹಪ್ಪಳ. ಶೇಂಗಾ ಪುಡಿ ಹೊಸದಾಗಿ ಕುಟ್ಟಿದಾಗ ಉಪ್ಪು ಅರ್ಧ ಮಾಡಿ ಬೆಳ್ಳುಳ್ಳಿ ಒಂದೂವರೆ ಪಟ್ಟು ಹಾಕಿದೆ. ಅತ್ತೆ ಎರಡು ರೊಟ್ಟಿಗೆ ಹಚ್ಚಿಕೊಂಡು ತಿಂದು, "ಈ ಸಲ ಚಲೋ ಆಗೇತಿ" ಅಂದರು. ನಾನು ತುಟಿ ಬಿಚ್ಚಲಿಲ್ಲ. ಇಲ್ಲಿ ಬರೆದಿದ್ದೇನೆ, ಅತ್ತೆ ಮೊಬೈಲ್ ನೋಡಲ್ಲ.

ಇವತ್ತಿನ ತಿಂಡಿ ಒಗ್ಗರಣೆ ಮಂಡಕ್ಕಿ. ಭಾನುವಾರ ನಮ್ಮ ಮನೆಯಲ್ಲಿ ಅದೇ, ದಾವಣಗೆರೆಯಲ್ಲಿ ಇದ್ದು ಮಂಡಕ್ಕಿ ಬಿಡೋಕಾಗುತ್ತಾ? ದೊಡ್ಡ ಬೋಗುಣಿಗೆ ಮಂಡಕ್ಕಿ ಸುರಿದು ನೀರು ಹಾಕಿದೆ. ಒಂದು ಸಲ ಅದುಮಿ, ಎರಡು ಕೈಯಲ್ಲಿ ಹಿಂಡಿ ಹಿಂಡಿ ಬುಟ್ಟಿಗೆ ಹಾಕಿದೆ. ಬೋಗುಣಿಯಲ್ಲಿ ಉಳಿದ ನೀರು ತೆಳು ಗಂಜಿಯ ಹಾಗೆ ಬೆಳ್ಳಗಿತ್ತು. ಏನು ತೋಚಿತೋ, ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಉಪ್ಪು! ಇಷ್ಟು ವರ್ಷ ಆ ನೀರನ್ನು ಚೆಲ್ಲಿದ್ದೇನೆ, ಒಂದು ದಿನವೂ ರುಚಿ ನೋಡಿರಲಿಲ್ಲ. ನಮ್ಮವರನ್ನು ಕರೆದು ಹೇಳಿದರೆ, "ಅದರಾಗೇನೈತಿ, ಭಟ್ಟಿಯವರು ಉಪ್ಪುನೀರು ಹಾಕೇ ಹುರಿಯೋದು" ಅಂದರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಅದಕ್ಕೆ ಉಪ್ಪುನೀರು ಬೆರೆಸಿ, ಆಮೇಲೆ ಕಾದ ಮರಳಿನಲ್ಲಿ ಹಾಕಿದರೆ ಅರಳುತ್ತದೆ. ಮಂಡಕ್ಕಿ ಭಟ್ಟಿಯವರು ಅಂಗಡಿಗೆ ಬರ್ತಾ ಹೋಗ್ತಾ ಇರ್ತಾರೆ, ಇವರಿಗೆ ಎಲ್ಲ ಗೊತ್ತು. ನನಗೆ ಮಾತ್ರ ಹೇಳಿರಲಿಲ್ಲ. ಕೇಳಿದ್ದರೆ ತಾನೆ ಹೇಳೋದು ಅಂತೆ.

ಇನ್ನೊಂದು ಸಲ ನೀರು ಹಾಕಿ ಹಿಂಡಿದೆ. ಒಗ್ಗರಣೆಗೆ ಉಪ್ಪು ಹಾಕಲೇ ಇಲ್ಲ. ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಮೇಲೆ ಪುಟಾಣಿ ಪುಡಿ, ನಿಂಬೆಹಣ್ಣು. ಮಗ ಎರಡನೇ ಸಲ ಹಾಕಿಸಿಕೊಂಡ. ಜೊತೆಗೆ ಮಿರ್ಚಿ ಇರಲಿಲ್ಲ ಅನ್ನೋದೇ ಅವನ ತಕರಾರು. ಮಿರ್ಚಿ ಹಿಟ್ಟಿಗೆ ಉಪ್ಪೂ ಬೀಳುತ್ತೆ, ಅಡುಗೆ ಸೋಡಾನೂ ಬೀಳುತ್ತೆ. ಉಪ್ಪಿನಲ್ಲಿದ್ದು ಬಿಪಿ ಏರಿಸೋದು ಸೋಡಿಯಂ, ಅದು ಸೋಡಾದಲ್ಲೂ ಇದೆ. ಬಾಯಿಗೆ ಉಪ್ಪು ಅನ್ನಿಸಲ್ಲ, ಮೈಗೆ ಮಾತ್ರ ಲೆಕ್ಕ ಸಿಗುತ್ತೆ. ಜಯದೇವ ವೃತ್ತದ ಕಡೆ ಸಂಜೆ ಹೋದಾಗ ಬಾಣಲೆಯಿಂದ ಏಳುವ ವಾಸನೆಗೆ ನನ್ನ ಕಾಲು ಈಗಲೂ ತಾನಾಗೇ ನಿಲ್ಲುತ್ತದೆ. ತಿಂಗಳಿಗೆ ಒಂದು ಸಲ ತಿಂತೀನಿ. ಪೂರ್ತಿ ಬಿಟ್ಟಿದ್ದೇನೆ ಅಂತ ಸುಳ್ಳು ಬರೆಯೋದು ಯಾಕೆ?

ಅಂಗಡಿಯಲ್ಲಿ ಇನ್ನೊಂದು ರಾಮಾಯಣ. ನನಗೆ ಬಿಪಿ ಅಂತ ಗೊತ್ತಾದದ್ದೇ ತಡ, ನಮ್ಮವರು ಪಿಂಕ್ ಸಾಲ್ಟ್ ತಂದುಕೊಟ್ಟರು. ಸೈಂಧವ ಲವಣ, ಒಳ್ಳೇದು ಅಂತ ಜನ ಒಯ್ತಾರಂತೆ. ಬಣ್ಣ ಬೇರೆ, ರೇಟು ಬೇರೆ, ಒಳಗಿರೋದು ಮುಕ್ಕಾಲುಪಾಲಿಗಿಂತ ಎಷ್ಟೋ ಹೆಚ್ಚು ಅದೇ ಸೋಡಿಯಂ ಕ್ಲೋರೈಡ್. ಆಮೇಲೆ ಬಂದದ್ದು ಲೋ ಸೋಡಿಯಂ ಉಪ್ಪು. ಇದರ ವಿಷಯ ಹಾಗಲ್ಲ. ಸೋಡಿಯಂ ಒಂದಷ್ಟು ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಚೀನಾದಲ್ಲಿ 600 ಹಳ್ಳಿಗಳಲ್ಲಿ ಇಂಥ ಉಪ್ಪು ಕೊಟ್ಟು ನೋಡಿದಾಗ ಪಾರ್ಶ್ವವಾಯು ಕಡಿಮೆಯಾದದ್ದು 2021ರಲ್ಲಿ ಪ್ರಕಟವಾಯಿತು. ಓದಿ ನನಗೂ ಆಸೆ ಆಯಿತು. ಆದರೆ ಒಡೆಯುವ ಮುಂಚೆ ಡಾಕ್ಟರನ್ನು ಕೇಳಿದೆ, ಕೇಳಿದ್ದೇ ಒಳ್ಳೆಯದಾಯಿತು. ನಾನು ತಗೊಳ್ಳೋದು ಟೆಲ್ಮಿಸಾರ್ಟನ್. ಆ ಜಾತಿಯ ಮಾತ್ರೆ ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಮೇಲಿಂದ ಉಪ್ಪಿನಲ್ಲೂ ಅದೇ ಹೋದರೆ ಹೆಚ್ಚಾಗಿ ಹೃದಯದ ಬಡಿತಕ್ಕೇ ತೊಂದರೆ ಆಗಬಹುದು. ಮೂತ್ರಪಿಂಡದ ಕಾಯಿಲೆ ಇದ್ದವರಿಗಂತೂ ಅಪಾಯ. "ರಕ್ತ ಪರೀಕ್ಷೆ ಮಾಡಿಸದೆ ಬೇಡ" ಅಂದರು. ಪ್ಯಾಕೆಟ್ ವಾಪಸ್ ಅಂಗಡಿ ಸೇರಿತು. ಕೇಳಿಕೊಂಡು ಬರುವ ಗಿರಾಕಿಗೆ ಇವರು ಈಗ "ಡಾಕ್ಟರ್‌ಗೆ ಕೇಳಿದ್ರಾ?" ಅಂತ ಕೇಳ್ತಾರೆ. ವ್ಯಾಪಾರ ಹಾಳು ಮಾಡಿದೆ ಅಂತ ನನ್ನ ಮೇಲೆ ಸಣ್ಣ ಸಿಟ್ಟು.

ಪ್ಯಾಕೆಟ್ ಓದೋದು ಮಗ ಕಲಿಸಿದ. ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ಖಾರ ಮಿಕ್ಸ್ಚರ್ ಪ್ಯಾಕೆಟ್ ಮೇಲೆ ನೂರು ಗ್ರಾಮಿಗೆ 800 ಅಂತ ಇತ್ತು. ಅಂದರೆ 2 ಗ್ರಾಂ ಉಪ್ಪು. ಟಿವಿ ಮುಂದೆ ಕೂತರೆ ನೂರು ಗ್ರಾಂ ಯಾವ ಮೂಲೆಗೆ?

ಪಕ್ಕದ ಮನೆ ಅಕ್ಕನದು ಬೇರೆ ಚಿಂತೆ. "ಇಂಥ ಬಿಸಿಲಾಗ ಉಪ್ಪು ಬಿಟ್ರೆ ಕಣ್ಣು ಕತ್ತಲೆ ಬಂದು ಬೀಳ್ತಿ ನೋಡು." ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಇಡೀ ದಿನ ಬೆವರು ಸುರಿಸುವವರ ವಿಷಯ ಬೇರೆ. ನಾನು ಫ್ಯಾನ್ ಕೆಳಗೆ ಕೂತು ಸೊಪ್ಪು ಸೋಸುವವಳು. ಬೆಳಗ್ಗೆ ಕುಂದವಾಡ ಕೆರೆ ಮೇಲೆ ಒಂದು ಸುತ್ತು ಬಂದರೆ ಅದೇ ನನ್ನ ಬೆವರು. ಆಮೇಲೆ ನಾನು ಉಪ್ಪು ಬಿಟ್ಟಿಲ್ಲವಲ್ಲ, ಅಳೆದು ಹಾಕ್ತಿದ್ದೇನೆ ಅಷ್ಟೇ.

ಇವತ್ತಿನ ಬಿಪಿ 134/84. ಐದು ನಿಮಿಷ ಸುಮ್ನೆ ಕೂತು, ಬೆನ್ನು ಆನಿಸಿ, ಕೈ ಟೇಬಲ್ ಮೇಲಿಟ್ಟು ನೋಡಿದ್ದು. ಮೊದಮೊದಲು ಕಾಫಿ ಕುಡಿದು, ಮಾತಾಡ್ತಾ ನೋಡಿ 150 ಬಂತು ಅಂತ ಗಾಬರಿ ಬಿದ್ದಿದ್ದೆ. ಇಳಿದದ್ದು ಮಾತ್ರೆಯಿಂದಲೋ, ನೋವಿನ ಮಾತ್ರೆ ಬಿಟ್ಟದ್ದಕ್ಕೋ, ಉಪ್ಪಿನಿಂದಲೋ? ದಿನಕ್ಕೆ ನಾಲ್ಕೈದು ಗ್ರಾಂ ಉಪ್ಪು ಇಳಿಸಿದರೆ ಬಿಪಿ ಇರುವವರಿಗೆ ಮೇಲಿನ ನಂಬರ್ ಐದರ ಆಸುಪಾಸು ಇಳಿಯುತ್ತದೆ ಅಂದಿದ್ದರು ಡಾಕ್ಟರ್. ಉಳಿದದ್ದು ಮಾತ್ರೆಯದೇ ಇರಬೇಕು. ಮಾತ್ರೆ ಕಡಿಮೆ ಮಾಡೋಣವಾ ಅಂತ ಕೇಳಿದ್ದಕ್ಕೆ "ಈಗಲೇ ಬೇಡ" ಅಂದರು. ಆಯಿತು ಅಂದೆ.

ಇನ್ನು 42 ದಿನದ ಲೆಕ್ಕ. ತಲೆಗೆ 6 ಗ್ರಾಂ ಹತ್ತಿರ ಬರುತ್ತದೆ. ಮಗ ನಾಲ್ಕು ದಿನ ಬೆಂಗಳೂರಲ್ಲಿದ್ದ, ಯುಗಾದಿಗೆ ನಾದಿನಿ ಮನೆಯವರು ಬಂದಿದ್ದರು, ಅದು ಅದಕ್ಕೆ ವಜಾ ಅಂದುಕೊಂಡೆ. ಹೊರಗೆ ತಿಂದದ್ದು ಇದರಲ್ಲಿಲ್ಲ. ಲೆಕ್ಕ ಪಕ್ಕಾ ಅಲ್ಲ ಅಂತ ನನಗೂ ಗೊತ್ತು. ಆದರೂ ಹೊಸ ಪ್ಯಾಕೆಟ್ ಕತ್ತರಿಸಿ, ಏಪ್ರಿಲ್ 13 ಅಂತ ದಪ್ಪಕ್ಕೆ ಬರೆದೆ.

ಮಧ್ಯಾಹ್ನ ಅತ್ತೆ ಮಾವಿನಕಾಯಿ ಹರವಿಕೊಂಡು ಕೂತರು. ವರ್ಷದ ಉಪ್ಪಿನಕಾಯಿ. ಅಲ್ಲಿ ನನ್ನ ಮಾತು ನಡೆಯಲ್ಲ, ನಡೆಯಲೂ ಬಾರದು. ಉಪ್ಪು ಕಡಿಮೆಯಾದರೆ ಜಾಡಿಗೆ ಬೂಸ್ಟು ಬರುತ್ತೆ. ತಿನ್ನುವಾಗ ಅರ್ಧ ಹೋಳು ತಿಂದರಾಯಿತು ಅಂತ ನಾನೇ ಒಪ್ಪಿಕೊಂಡೆ. ಆಮೇಲೆ ಅಂಗಡಿಯಿಂದ ಎರಡು ಕಿಲೋ ಕಲ್ಲುಪ್ಪಿನ ಚೀಲ ಬಂತು. ಅದನ್ನು ನೋಡಿದ ಮೇಲೇ ಹೊಳೆದದ್ದು, ಉಪ್ಪಿನಕಾಯಿ ಉಪ್ಪನ್ನು ನಾನು ಯಾವತ್ತೂ ಲೆಕ್ಕಕ್ಕೇ ತಗೊಂಡಿಲ್ಲ. ಅತ್ತೆ ಚೀಲ ನನ್ನ ಕಡೆ ತಳ್ಳಿದರು.

"ತಗೊ ಪೆನ್ನು. ಇದರ ಮ್ಯಾಲೂ ಬರಿ."

ಬರೆದೆ.